ಮುಳ್ಳು ಆರಿಸಿದ್ದು

ಮುದಾನ್‌ಜಿಯಾಂಗ್‌ನಲ್ಲಿ ಜನವರಿಗೆ ಫ್ರಿಜ್ ಬೇಕಿಲ್ಲ.
ಬಾಲ್ಕನಿಯ ಬಾಗಿಲನ್ನು ಕಾಲಲ್ಲಿ ಒದ್ದು ತೆರೆದು
ಅಮ್ಮ ಒಳಗೆ ತಂದಳು ಹನ್ನೊಂದು ಡಬ್ಬಿ,
ಮೊನ್ನೆಯ ನಿಶ್ಚಿತಾರ್ಥದ ಊಟ, ಕಲ್ಲಾಗಿತ್ತು.
ನಿಶ್ಚಿತಾರ್ಥ ಎನ್ನಬಾರದು ಈಗ.
ಮೂರು ಮೇಜಿನ ಊಟ ಎನ್ನಬೇಕು.

ಪೇಯ್ ಯುಹಾಂಗ್‌ನ ದೊಡ್ಡತ್ತೆ ಎದ್ದು
ಕೋಟು ತೊಟ್ಟಾಗ ಮೀನು ಇನ್ನೂ ಬಿಸಿಯಿತ್ತು.
ಅವನೂ ಎದ್ದ. ನನ್ನ ಕಡೆ ನೋಡಿ
ಮಫ್ಲರ್ ಹುಡುಕಿದ. ಸಿಕ್ಕಿತು.
ಬಿಲ್ ಕೊಟ್ಟವಳು ಅಮ್ಮ,
ಎಲ್ಲ ಕಟ್ಟಿಕೊಡಿ ಎಂದವಳೂ ಅಮ್ಮ,
ನೆಂಚಿಕೊಳ್ಳುವ ವಿನೆಗರ್ ಕೂಡ.

"ಮುಖ ಬದಲಿಸಿದರೆ ತಂಗಳೂ ಹೊಸದು"
ಎಂದು ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದಳು.
ಪಾತ್ರೆ ಚೊಕ್ಕ, ಕೈ ಚೊಕ್ಕ, ಕಣಕ ಚೊಕ್ಕ
ಆಗುವ ತನಕ ನಾದಿ
ಒದ್ದೆಬಟ್ಟೆ ಹೊದಿಸಿದಳು.
"ಅರ್ಧ ಗಂಟೆ ಯಾರೂ ಮುಟ್ಟಬೇಡಿ, ದಣಿದಿದೆ."
ಮನೆಯಲ್ಲಿದ್ದದ್ದು ನಾವಿಬ್ಬರೇ.

ಕಾರ್ಪ್ ಮೀನು ಇಡಿಯಾಗಿತ್ತು.
ಮೀನಿಗೂ ಮಿಗುವುದಕ್ಕೂ ಇಲ್ಲಿ ಒಂದೇ ಉಚ್ಚಾರ,
ಶುಭವೆಂದೇ ತಟ್ಟೆಯಲ್ಲಿ ಕೊಂಚ ಬಿಡುತ್ತಾರೆ.
ಇಷ್ಟೊಂದು ಮಿಗುತ್ತದೆಂದು ಯಾರಿಗೆ ಗೊತ್ತು.
ಮುಳ್ಳು ಆರಿಸಲು ನನ್ನನ್ನು ಕೂರಿಸಿದಳು.
ಕವಲೊಡೆದ ಮುಳ್ಳು, ಕೂದಲಷ್ಟು ಸಣ್ಣ,
ಕಣ್ಣಿಗೆ ಕಾಣದು, ಬೆರಳಿಗೆ ಸಿಗುತ್ತದೆ.
ನೂರಾ ಹದಿನಾಲ್ಕರ ತನಕ ಎಣಿಸಿದೆ.
ಆಮೇಲೆ ಲೆಕ್ಕ ತಪ್ಪಿತು, ಆಮೇಲೆ
ಲೆಕ್ಕವಿಡುತ್ತಿದ್ದೇನೆಂಬುದೇ ಮರೆಯಿತು.

ಅಮ್ಮ ಕೊಚ್ಚುತ್ತಿದ್ದಳು.
ಎರಡು ಕತ್ತಿ, ಎರಡು ಕೈ,
ಹಂದಿಪಕ್ಕೆ, ಮೊಟ್ಟೆ, ಅಣಬೆ, ತೋಫು,
ಗುಡಾಣದಿಂದ ಎತ್ತಿದ ಹುಳಿ ಎಲೆಕೋಸು
ಹಿಂಡಿ ಹಿಂಡಿ, ಕಣ್ಣೀರೂ ಬಾರದಷ್ಟು ಹಿಂಡಿ.
ದಡದಡ ದಡದಡ.
ಕೆಳಮನೆಯ ಸೂಯ್ ಚಿಕ್ಕಮ್ಮ ಹಬೆಯ ಕೊಳವೆ ಬಡಿದಳು.
ಅಮ್ಮ ಇನ್ನೂ ಜೋರಾಗಿ ಕೊಚ್ಚಿದಳು.
ಹುಡುಗ ಎದ್ದುಹೋದದ್ದು ಇಡೀ ಕಟ್ಟಡಕ್ಕೆ ಗೊತ್ತು.
ಏಕೆ ಎಂಬುದಕ್ಕೆ
ಮೆಟ್ಟಿಲಿಗೊಂದು ಕಾರಣ.

ಎಲ್ಲ ಬೆಂದದ್ದೇ, ಬಾಯಿಗೆ ಹಾಕಿ ನೋಡಬಹುದಿತ್ತು.
ಆದರೂ ಮೂಗಿಗೆ ಹಿಡಿದೇ ಉಪ್ಪು ನೋಡಿದಳು,
ಹಸಿಮಾಂಸದ ಹೂರಣದ ಹಳೆಯ ಅಭ್ಯಾಸ.
"ಸಪ್ಪೆ" ಎಂದಳು. ಸೋಯಾ ಸುರಿದಳು.

ನಾನು ಲಟ್ಟಿಸಿದೆ, ನಡು ದಪ್ಪ, ಅಂಚು ತೆಳು.
ಅವಳು ತುಂಬಿ ಚಿವುಟಿ ಮುಚ್ಚಿದಳು.
"ಒಂದೊಂದು ಮಡಿಕೆಯೂ
ಆಡಿಕೊಳ್ಳುವವರ ಒಂದೊಂದು ಬಾಯಿ."
ಹೊಸವರ್ಷದ ಐದನೇ ದಿನ ಆಡುವ ಮಾತಿದು.
ಹೊಸವರ್ಷಕ್ಕೆ ಇನ್ನೂ ಮೂರು ವಾರವಿತ್ತು.
"ಇದು ಸೂಯ್."
"ಇದು ಅವನ ದೊಡ್ಡತ್ತೆ, ಇವಳಿಗೆ ಎರಡು ಸುತ್ತು."
"ಇವನು ಕಾಗದದ ಕಾರ್ಖಾನೆಯ ಲೆಕ್ಕದವ,"
ಇಪ್ಪತ್ತು ವರ್ಷದ ಹಿಂದಿನವ, ಅವಳ ಕಿವಿಯಲ್ಲಿ
ಇನ್ನೂ ಮಾತಾಡುತ್ತಲೇ ಇದ್ದಾನೆ.
ನಕ್ಕುಬಿಟ್ಟೆ. ಹಿಟ್ಟು ಹಾರಿತು.

ಒಂದನ್ನು ನಾನೇ ಕೈಗೆತ್ತಿಕೊಂಡೆ.
ಯಾರೆಂದು ಅವಳು ಕೇಳಲಿಲ್ಲ.
ಊಟದುದ್ದಕ್ಕೂ ಮುಚ್ಚಿಯೇ ಇದ್ದ ಬಾಯಿಯನ್ನು
ಇನ್ನೆಷ್ಟು ಮುಚ್ಚಲಿ?

ಮೂರು ಸಲ ಕುದಿ, ಮೂರು ಸಲ ತಣ್ಣೀರು.
ಮುಳುಗಿದ್ದ ಜ್ಯಾವ್ಜಗಳೆಲ್ಲ ಬೆನ್ನು ತೋರಿ ತೇಲಿದವು.
ಒಂದೇ ಒಂದು ಬಿಚ್ಚಿಕೊಂಡಿತು, ನನ್ನದು.
ಒಡೆಯಿತು ಎನ್ನಬಾರದು.
"ಗಳಿಸಿತು" ಎಂದಳು ಅಮ್ಮ,
ಶಾಸ್ತ್ರಕ್ಕೆ ಎಲ್ಲರೂ ಹೇಳುವ ಹಾಗೆ,
ಜರಡಿ ಸೌಟಿನಲ್ಲಿ ಆ ಹರಿದ ಅಂಚನ್ನು
ಮೆಲ್ಲಗೆ ಎತ್ತಿ ತನ್ನ ಬಟ್ಟಲಿಗೆ ಹಾಕಿಕೊಂಡಳು.

ಹೂರಣ ಮುಗಿದು ಕಣಕ ಉಳಿಯಿತು, ಒಂದು ಮುಷ್ಟಿ.
ಹೂರಣ ಉಳಿದರೆ ವರ್ಷವಿಡೀ ಊಟ,
ಹಿಟ್ಟು ಉಳಿದರೆ ಹೊಸ ಬಟ್ಟೆ ಎನ್ನುತ್ತಾರೆ.
ಬೀರುವಿನಲ್ಲಿ ಕೆಂಪುಡುಗೆ ತೂಗುತ್ತಿತ್ತು,
ಬೆಲೆಚೀಟಿ ಕಿತ್ತಿರಲಿಲ್ಲ.
ಇಬ್ಬರೂ ಆ ಉಂಡೆಯನ್ನು ನೋಡಿದೆವು.
ಅಮ್ಮ ಅದನ್ನು ಎಳೆಎಳೆಯಾಗಿ ಕತ್ತರಿಸಿ
ಅದೇ ಕುದಿನೀರಿಗೆ ಬಿಟ್ಟಳು.

"ಸೂಯ್‌ಗೊಂದು ತಟ್ಟೆ ಕೊಟ್ಟು ಬಾ.
ಅವಳದ್ದೇ ಹುಡುಕಿ ಮೇಲಿಟ್ಟಿದ್ದೇನೆ."

ಬಾಗಿಲಲ್ಲೇ ನಿಂತು ಒಂದು ಬಾಯಿಗೆ ಹಾಕಿಕೊಂಡಳು ಚಿಕ್ಕಮ್ಮ,
ಕೇಳಬೇಕೆಂದಿದ್ದದ್ದು ಬಿಸಿಗೆ ನಾಲಿಗೆಯಲ್ಲೇ ಉಳಿಯಿತು.
ನುಂಗಿ ಕೇಳಿದಳು:
"ಮೀನಾ? ಮುಳ್ಳಿದೆಯೇನೇ?"
ಆರಿಸಿದ್ದೇನೆ, ಎಂದೆ.
ಒಂದೂ ಇಲ್ಲವೆಂದು ಹೇಳಲಾರೆ.